38 ಕಾಲಂ, ಒಂದು ಹಾಳೆ: ರಿಜಿಸ್ಟ್ರಿ ಉಳಿಸಿಕೊಂಡ ನನ್ನ ಅನುಭವ

ಅಪರೂಪದ ಶ್ವಾಸಕೋಶ ಕಾಯಿಲೆಗಳ ನಮ್ಮ ಅಂತರರಾಷ್ಟ್ರೀಯ ರಿಜಿಸ್ಟ್ರಿಯಲ್ಲಿ, ಅಂದರೆ ಹಲವು ಚಿಕಿತ್ಸಾ ಕೇಂದ್ರಗಳ ರೋಗಿಗಳ ಮಾಹಿತಿಯನ್ನು ವರ್ಷವರ್ಷವೂ ಕೂಡಿಡುವ ದಾಖಲೆಯಲ್ಲಿ, ಈಗ ನೂರಕ್ಕೆ ಹೆಚ್ಚುಕಡಿಮೆ 85 ರೋಗಿಗಳ ವಾರ್ಷಿಕ ಮಾಹಿತಿ ಬರುತ್ತಿದೆ. ದತ್ತಾಂಶದ ಹೊಣೆ ನನ್ನ ಕೈಗೆ ಬಂದಾಗ ಅದು 30ರ ಆಸುಪಾಸಿನಲ್ಲಿತ್ತು. ನಮೂನೆಯನ್ನು ಕತ್ತರಿಸುತ್ತೇನೆ ಎಂದಾಗ ಸಮಿತಿಯ ಹಿರಿಯರು, ಇಷ್ಟು ಬಡಕಲು ದತ್ತಾಂಶವನ್ನು ಯಾವ ಸಂಶೋಧಕ ಮೂಸಿ ನೋಡುತ್ತಾನೆ ಎಂದು ಕೇಳಿದ್ದರು. ಕಳೆದ ವರ್ಷ ಅವರಲ್ಲೇ ಇಬ್ಬರು ಅದೇ ದತ್ತಾಂಶ ಬೇಕೆಂದು ಅರ್ಜಿ ಹಾಕಿದರು. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು ಅನ್ನಿಸಿದೆ.

ಮೊದಲ ನಮೂನೆಯಲ್ಲಿ 240ರಷ್ಟು ಕಾಲಂಗಳಿದ್ದವು. ಪ್ರತಿಯೊಬ್ಬ ತಜ್ಞರೂ ತಮ್ಮ ಪ್ರೀತಿಯ ಹತ್ತು ಪ್ರಶ್ನೆ ಸೇರಿಸಿದ್ದರು. ಒಬ್ಬ ರೋಗಿಯನ್ನು ತುಂಬಲು ಕೇಂದ್ರದ ನರ್ಸ್‌ಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಮೊದಲ ಭೇಟಿಯ ವಿವರವನ್ನು ಹುರುಪಿನಿಂದ ತುಂಬುತ್ತಿದ್ದರು, ಎರಡನೆಯ ವರ್ಷಕ್ಕೆ ಮೌನ. ಒಂದೇ ಬಾರಿ ನೋಡಿದ ರೋಗಿ ರಿಜಿಸ್ಟ್ರಿಗೆ ಒಂದು ಫೋಟೊ ಇದ್ದಂತೆ. ಕಾಯಿಲೆ ಯಾವ ವೇಗದಲ್ಲಿ ಹೆಚ್ಚುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ.

ಹಣದ ಕಥೆ ಇನ್ನೂ ನೋವಿನದು. ಮೊದಲ ಎರಡು ವರ್ಷದ ಅನುದಾನದಲ್ಲಿ ಅರ್ಧಕ್ಕಿಂತ ಹೆಚ್ಚು, ನನ್ನ ನೆನಪಿನಂತೆ ನೂರಕ್ಕೆ 60, ನಮಗಾಗಿಯೇ ಬರೆಸಿದ ತಂತ್ರಾಂಶಕ್ಕೆ ಹೋಯಿತು. ಬರೆದುಕೊಟ್ಟವರು ಕೈಬಿಟ್ಟ ಮೇಲೆ ಒಂದು ಡ್ರಾಪ್‌ಡೌನ್ ಬದಲಿಸಲೂ ಆಗಲಿಲ್ಲ. ಎಲ್ಲವನ್ನೂ ಎಸೆದು, ಸಂಶೋಧನೆಯ ದತ್ತಾಂಶ ಕೂಡಿಡುವ ಸಿದ್ಧ ತಂತ್ರಾಂಶವಾದ ರೆಡ್‌ಕ್ಯಾಪ್‌ಗೆ ಬಂದೆವು. ಲಾಭರಹಿತ ಸಂಸ್ಥೆಗಳಿಗೆ ಅದರ ಪರವಾನಗಿ ಉಚಿತ, ಖರ್ಚು ಸರ್ವರ್‌ಗೆ ಮತ್ತು ಮನುಷ್ಯರಿಗೆ ಮಾತ್ರ. ಉಳಿದ ಹಣದಲ್ಲಿ ಮುಕ್ಕಾಲು ಪಾಲನ್ನು ಕೇಂದ್ರಗಳಿಗೆ ಫಾಲೋ-ಅಪ್ ಲೆಕ್ಕದಲ್ಲಿ ಕೊಡುವಂತೆ ಹಟ ಹಿಡಿದೆ. ಹೊಸ ರೋಗಿಯನ್ನು ಸೇರಿಸಿದ್ದಕ್ಕೆ ಸ್ವಲ್ಪವೇ, ಎರಡನೆಯ ಮತ್ತು ಮೂರನೆಯ ವರ್ಷದ ಮಾಹಿತಿಗೆ ಹೆಚ್ಚು. ಅನುದಾನ ಕೊಡುವವರಿಗೆ ಇದು ರುಚಿಸಲಿಲ್ಲ. ಅವರ ವರದಿಯಲ್ಲಿ ಹೊಳೆಯುವುದು ಒಟ್ಟು ನೋಂದಣಿಯ ಸಂಖ್ಯೆ. ಆದರೆ ಸಿರೋಲಿಮಸ್ ಎಂಬ ಔಷಧ ಲ್ಯಾಮ್‌ನಲ್ಲಿ (ಹೆಚ್ಚಾಗಿ ಮಹಿಳೆಯರಿಗೆ ಬರುವ ಅಪರೂಪದ ಶ್ವಾಸಕೋಶ ಕಾಯಿಲೆ) ಕೆಲಸ ಮಾಡುತ್ತದೆಂದು 2011ರಲ್ಲಿ ತೋರಿಸಿದ ಪ್ರಯೋಗದಲ್ಲಿ ಇದ್ದವರು 89 ರೋಗಿಗಳು, ಅಷ್ಟು ಮಂದಿಯನ್ನು ಕೂಡಿಸಲು ಮೂರು ದೇಶಗಳು ಬೇಕಾದವು. ಇಂಥ ಕಾಯಿಲೆಗಳಲ್ಲಿ ಬಿಟ್ಟುಹೋದ ಒಬ್ಬೊಬ್ಬ ರೋಗಿಯೂ ನಷ್ಟವೇ.

ಕತ್ತರಿಸಿ ಕತ್ತರಿಸಿ 38 ಕಾಲಂ ಉಳಿಸಿದೆ. ಉಳಿದವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಡಿಎಲ್‌ಸಿಒ, ಅಂದರೆ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಸರಾಗವಾಗಿ ದಾಟುತ್ತದೆ ಎಂಬ ಅಳತೆ. ಒಂದು ಕೇಂದ್ರದಿಂದ ಬಂದ ಲ್ಯಾಮ್ ರೋಗಿಯ ಸಾಲಿನಲ್ಲಿ 6.9 ಎಂದಿತ್ತು. ಆ ಮೌಲ್ಯ ಕಂಡವರು ಶ್ವಾಸಕೋಶ ಕಸಿಯ ಮಾತೆತ್ತಬೇಕು. ಪಕ್ಕದಲ್ಲೇ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) 2.4 ಲೀಟರ್, ಆರು ನಿಮಿಷದ ನಡಿಗೆ 510 ಮೀಟರ್. ಇಷ್ಟು ಚೆನ್ನಾಗಿರುವವರಿಗೆ 6.9 ಹೊಂದಲೇ ಇಲ್ಲ. ವರದಿಯ ಪ್ರತಿ ತರಿಸಿ ನೋಡಿದರೆ ಅವರ ಯಂತ್ರ ಮಿಲಿಮೋಲ್ ಪ್ರತಿ ನಿಮಿಷ ಪ್ರತಿ ಕಿಲೋಪಾಸ್ಕಲ್‌ನಲ್ಲಿ ಅಳೆಯುತ್ತಿತ್ತು, ನಮ್ಮ ಕಾಲಂ ಮಿಲಿಲೀಟರ್ ಪ್ರತಿ ನಿಮಿಷ ಪ್ರತಿ ಮಿಲಿಮೀಟರ್ ಪಾದರಸದ್ದು. ಹತ್ತಿರಹತ್ತಿರ ಮೂರರಿಂದ ಗುಣಿಸಿದರೆ 20.6. ಆ ಕೇಂದ್ರದ ಎಲ್ಲ ರೋಗಿಗಳೂ ನಮ್ಮ ಲೆಕ್ಕದಲ್ಲಿ ಎರಡು ವರ್ಷ ಸಾವಿನ ಅಂಚಿನಲ್ಲಿದ್ದರು. ಅಂದಿನಿಂದ ಅಳತೆಯ ಮಾನವನ್ನು ಆರಿಸದೆ ಅಂಕಿ ಒಳಗೆ ಹೋಗದಂತೆ ಮಾಡಿದ್ದೇನೆ. ಪ್ರೆಡಿಕ್ಟೆಡ್ ಶೇಕಡಾವಾರು (ಆರೋಗ್ಯವಂತರಲ್ಲಿ ನಿರೀಕ್ಷಿಸುವ ಮೌಲ್ಯದ ನೂರಕ್ಕೆ ಎಷ್ಟು) ಬರೆಯುವ ಕಾಲಂ ಅನ್ನು ತೆಗೆದೇಬಿಟ್ಟೆ, ಒಂದೊಂದು ಯಂತ್ರದ ಹಿಂದೆ ಒಂದೊಂದು ಸಮೀಕರಣ ಇರುತ್ತದೆ. ಲೀಟರ್, ವಯಸ್ಸು, ಲಿಂಗ, ಎತ್ತರ, ಜನಾಂಗ ಕೊಡಿ ಸಾಕು, ಜಿಎಲ್‌ಐ 2012 ಎಂಬ ಅಂತರರಾಷ್ಟ್ರೀಯ ಸಮೀಕರಣಗಳ ಪ್ರಕಾರ ಲೆಕ್ಕ ನಾವು ಹಾಕುತ್ತೇವೆ. ಎತ್ತರದ ಕಾಲಂನಲ್ಲಿ 64 ಎಂದು ಬಂದರೆ ಅದು ಸೆಂಟಿಮೀಟರ್ ಅಲ್ಲ, ಇಂಚು.

ಕಾಯಿಲೆಯ ಸಂಕೇತದ ವಿಷಯದಲ್ಲೂ ಎಡವಿದ್ದೆ. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರ ಜೆ84.0 ಒಂದನ್ನೇ ನಂಬಿದ್ದರಿಂದ ಆಲ್ವಿಯೋಲಾರ್ ಪ್ರೊಟೀನೋಸಿಸ್ (ಶ್ವಾಸಕೋಶದ ಗಾಳಿಚೀಲಗಳಲ್ಲಿ ಪ್ರೊಟೀನು-ಕೊಬ್ಬಿನ ವಸ್ತು ತುಂಬಿಕೊಳ್ಳುವುದು) ಮತ್ತು ಮೈಕ್ರೊಲಿಥಿಯಾಸಿಸ್ (ಅಲ್ಲಿ ಸಣ್ಣ ಕಲ್ಲುಗಳು ಕಟ್ಟುವುದು) ರೋಗಿಗಳು ಒಂದೇ ಬುಟ್ಟಿಗೆ ಬಿದ್ದಿದ್ದರು. ಅಪರೂಪದ ಕಾಯಿಲೆಗಳಿಗೆಂದೇ ಇರುವ ಆರ್ಫಾ ಸಂಕೇತಕ್ಕೆ ಬದಲಾಯಿಸಿ, ಹಳೆಯ ಸಾಲುಗಳನ್ನು ಒಂದೊಂದಾಗಿ ಬಿಡಿಸಲು ಸುಮಾರು ಮೂರು ವಾರ ಹಿಡಿಯಿತು.

ಫಾಲೋ-ಅಪ್ ಏಕೆ ನಿಲ್ಲುತ್ತದೆಂದು ತಿಳಿದದ್ದು ಪ್ರೊಟೀನೋಸಿಸ್ ರೋಗಿಗಳಿಂದ. ಶ್ವಾಸಕೋಶ ತೊಳೆಸಿಕೊಂಡ ಮೇಲೆ ಅನೇಕರಿಗೆ ಉಸಿರು ಹಗುರಾಗುತ್ತದೆ, ಆಸ್ಪತ್ರೆಯತ್ತ ಮುಖ ಹಾಕಬೇಕೆನಿಸುವುದಿಲ್ಲ. ಹೀಗೆ ಚೆನ್ನಾಗಿರುವವರು ಜಾರಿಹೋಗಿ, ನರಳುವವರಷ್ಟೇ ನಮ್ಮ ಪಟ್ಟಿಯಲ್ಲಿ ಉಳಿಯುತ್ತಿದ್ದರು. ದತ್ತಾಂಶದಲ್ಲಿ ಕಾಯಿಲೆ ಇರುವುದಕ್ಕಿಂತ ಭೀಕರವಾಗಿ ಕಾಣುತ್ತಿತ್ತು. ನೆನಪಿನ ಪತ್ರ ಕಳಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ನಾವು ಬರೀ ಕೇಳುತ್ತಿದ್ದೇವೆ, ಏನನ್ನೂ ಕೊಡುತ್ತಿಲ್ಲ ಎಂಬುದು ಆಮೇಲೆ ಹೊಳೆಯಿತು.

ಆಗ ಹುಟ್ಟಿದ್ದೇ ಆ ಒಂದು ಹಾಳೆ. ಮಾಹಿತಿ ಬಂದ ಹತ್ತು ದಿನದೊಳಗೆ ರೋಗಿಗೆ ಅವರ ಎಫ್‌ಇವಿ1 ಗೆರೆ, ಅದೇ ಕಾಯಿಲೆಯ ಇತರರ ಸರಾಸರಿ ಗೆರೆ, ಕೆಳಗೆ ವೈದ್ಯರನ್ನು ಕೇಳಬಹುದಾದ ಎರಡು ಪ್ರಶ್ನೆ. ಹೆಸರುಗಳು ನಮ್ಮ ಬಳಿ ಇಲ್ಲದ್ದರಿಂದ ಕೇಂದ್ರವೇ ಸಂಕೇತ ಸಂಖ್ಯೆ ನೋಡಿ ತಲುಪಿಸುತ್ತದೆ. ಇಳಿಯುವ ಗೆರೆ ನೋಡಿ ರೋಗಿಗಳು ಎದೆಗುಂದುತ್ತಾರೆ ಎಂದು ನೈತಿಕ ಸಮಿತಿಯಲ್ಲಿ ಆತಂಕವಿತ್ತು. ಬೇಡ ಎಂದವರಿಗೆ ಕಳಿಸುವುದಿಲ್ಲ ಎಂಬ ಷರತ್ತಿಗೆ ಒಪ್ಪಿದರು. ಬೇಡ ಎಂದವರು ಇಪ್ಪತ್ತಕ್ಕೆ ಒಬ್ಬರು. ಎರಡನೆಯ ವರ್ಷ ರೋಗಿಗಳೇ ಕೇಂದ್ರಕ್ಕೆ ಕರೆ ಮಾಡಿ ನನ್ನ ಹಾಳೆ ಇನ್ನೂ ಬಂದಿಲ್ಲವಲ್ಲ ಎಂದು ಕೇಳತೊಡಗಿದರು. ಹಾಳೆಯ ಜೊತೆ ಹೋಗುವ ಮೊದಲ ವಾಕ್ಯವನ್ನು ಏಳೆಂಟು ಬಾರಿ ತಿದ್ದಿದ್ದೇನೆ, ಅದನ್ನು ಇಲ್ಲಿ ಬಿಟ್ಟುಕೊಡಲಾರೆ.

ನಡುವೆ ಮನೆಯಲ್ಲಿ ಊದುವ ಸ್ಪೈರೋಮೀಟರನ್ನು ನಲವತ್ತು ಮಂದಿಗೆ ಕೊಟ್ಟು ನೋಡಿದೆ. ಮೊದಲ ತಿಂಗಳು ದಿನವೂ ಅಂಕಿ ಬಂದವು, ಆರನೆಯ ತಿಂಗಳಿಗೆ ಹದಿನೈದು ಮಂದಿಯೂ ಉಳಿಯಲಿಲ್ಲ. ಅಂಕಿಗಳೂ ಜಿಗಿದಾಡುತ್ತಿದ್ದವು, ಪೂರ್ತಿ ಊದಿಸಲು ಪಕ್ಕದಲ್ಲಿ ಹುರಿದುಂಬಿಸುವ ತಂತ್ರಜ್ಞರಿಲ್ಲ. ವಾರಕ್ಕೊಮ್ಮೆ, ವಿಡಿಯೊ ಕರೆಯಲ್ಲಿ ಊದಿಸಿದಾಗ ತಕ್ಕಮಟ್ಟಿಗೆ ಸರಿಹೋಯಿತು. ಹಣ ಸಿಕ್ಕರೆ ಮತ್ತೆ ಕೈಹಾಕುತ್ತೇನೆ.

ಒಂದೇ ರೋಗಿ ಎರಡು ಕೇಂದ್ರಗಳಲ್ಲಿ ಎರಡು ಸಂಕೇತದಲ್ಲಿ ಸೇರುವುದು ಇನ್ನೊಂದು ತಲೆನೋವು. ಹೆಸರನ್ನು ಮರೆಮಾಚಲು ಅದರಿಂದ ಹುಟ್ಟಿಸುವ ಗುಪ್ತ ಸಂಕೇತವೇ ಹ್ಯಾಶ್, ಕಾಗುಣಿತದಲ್ಲಿ ಒಂದಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ಹೆಸರನ್ನು ಉಚ್ಚಾರಣೆಗೆ ಇಳಿಸಿ ಹ್ಯಾಶ್ ಮಾಡಿಸಿದ ಮೇಲೆ ಮೂವತ್ತರಷ್ಟು ಜೋಡಿಗಳು ಸಿಕ್ಕವು.

ಇನ್ನೂ ನನ್ನ ಕೈಗೆ ಸಿಗದ ಕಾಲಂ ಒಂದೇ, ರೋಗಿ ಬದುಕಿದ್ದಾರೆಯೇ ಎಂಬುದು. ಸುದ್ದಿ ಇಲ್ಲ ಎಂಬುದನ್ನು ಹಿಂದೆ ಬದುಕಿದ್ದಾರೆ ಎಂದು ಎಣಿಸಿಬಿಡುತ್ತಿದ್ದರು, ಅದನ್ನು ನಿಲ್ಲಿಸಿದ್ದೇನೆ. ಈಗ ಕೊನೆಯ ಸುದ್ದಿ ಯಾವ ದಿನದ್ದು, ಯಾರಿಂದ ಬಂತು ಎಂಬ ಎರಡನ್ನೂ ಬರೆಯಬೇಕು. ಕಳೆದ ತಿಂಗಳು ಒಬ್ಬ ನರ್ಸ್ ನಾಲ್ಕು ವರ್ಷದಿಂದ ಮೌನವಾಗಿದ್ದ ಸಂಖ್ಯೆಗೆ ಕರೆ ಮಾಡಿದಾಗ ಎತ್ತಿದವರು ರೋಗಿಯ ತಂಗಿ. ದಿನಾಂಕ ಹೇಳಿದರು, ಆಮೇಲೆ ಅಕ್ಕನ ಹಾಳೆಗಳು ಇನ್ನೂ ಮನೆಯಲ್ಲಿವೆ ಎಂದರಂತೆ. ಅಂಥ ಹನ್ನೊಂದು ಸಂಕೇತ ಸಂಖ್ಯೆಗಳ ಪಟ್ಟಿ ನನ್ನ ಮೇಜಿನ ಮೇಲಿದೆ. ಸೋಮವಾರ ಆ ಕೇಂದ್ರಗಳನ್ನು ಮತ್ತೊಮ್ಮೆ ಕೇಳಬೇಕು.