ಹಳೆಯ ಲಿನಕ್ಸ್ ಯಂತ್ರಕ್ಕೆ ಹಗುರವಾದ ನೆಟ್‌ವರ್ಕ್ ಸಾಧನವನ್ನು ಆರಿಸುವುದು ಹೇಗೆ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಯ ಲೆಕ್ಕದ ಕೋಣೆಯಲ್ಲೋ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲೋ ಇರುವ 2 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡವರು, ಕೇಬಲ್, ವೈ-ಫೈ ಸಂಪರ್ಕಗಳನ್ನು ನಡೆಸುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶವನ್ನು ತೆಗೆದು ಅದಕ್ಕಿಂತ ಹಗುರವಾದದ್ದನ್ನು ಹಾಕಬಹುದೇ ಎಂದು ಕೇಳುವುದು ಸಹಜ. ಹಾಕಬಹುದು. ಆದರೆ ಆಯ್ಕೆಯನ್ನು ಮೆಮೊರಿಯ ಲೆಕ್ಕದಿಂದ ಆರಂಭಿಸದೆ, ಆ ಯಂತ್ರವು ದಿನದಲ್ಲಿ ಎಷ್ಟು ಬಗೆಯ ಸಂಪರ್ಕಗಳ ನಡುವೆ ಓಡಾಡುತ್ತದೆ ಎಂಬುದರಿಂದ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಟರ್ಮಿನಲ್ಲಿನಲ್ಲಿ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಆದೇಶದ ಮುಂದೆ ಸೇವೆಯ (ಹಿನ್ನೆಲೆಯಲ್ಲಿ ಓಡುವ ತಂತ್ರಾಂಶದ) ಹೆಸರನ್ನು ಕೊಟ್ಟರೆ ಅದು ಬಳಸುತ್ತಿರುವ ಮೆಮೊರಿ ಒಂದು ಸಾಲಿನಲ್ಲಿ ಕಾಣುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ ಹತ್ತಾರು ಎಂಬಿಯಲ್ಲಿ ನಿಂತರೆ, ಅದೇ ಯಂತ್ರದಲ್ಲಿ ತೆರೆದಿಟ್ಟ ಬ್ರೌಸರ್ ನೂರಾರು ಎಂಬಿ ನುಂಗಿರುತ್ತದೆ. ಹೀಗಾಗಿ ಹಗುರವಾದ ಸಾಧನದ ನಿಜವಾದ ಲಾಭವಿರುವುದು, ಕೆಟ್ಟಾಗ ಹುಡುಕಬೇಕಾದ ಜಾಗಗಳು ಕಡಿಮೆಯಾಗುವುದರಲ್ಲಿ.

ಮೇಜಿನಿಂದ ಕದಲದ, ಕೇಬಲ್ ಚುಚ್ಚಿಕೊಂಡೇ ಇರುವ ಯಂತ್ರಕ್ಕೆ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಜೊತೆಗೇ ಬರುವ ನೆಟ್‌ವರ್ಕ್‌ಡಿ ಸಾಕು. ಈಟಿಸಿ ಫೋಲ್ಡರಿನಲ್ಲಿರುವ ಸಿಸ್ಟಮ್‌ಡಿಯ ಒಳಗೆ ನೆಟ್‌ವರ್ಕ್ ಎಂಬ ಫೋಲ್ಡರಿದೆ. ಅಲ್ಲಿ ಡಾಟ್ ನೆಟ್‌ವರ್ಕ್ ಎಂದು ಕೊನೆಗೊಳ್ಳುವ ಒಂದು ಕಡತ ಮಾಡಿ, ಮ್ಯಾಚ್ ವಿಭಾಗದ ನೇಮ್ ಎಂಬಲ್ಲಿ ಇಂಟರ್‌ಫೇಸ್‌ನ (ನೆಟ್‌ವರ್ಕ್ ಜೋಡಣೆಯ) ಹೆಸರನ್ನೂ ನೆಟ್‌ವರ್ಕ್ ವಿಭಾಗದ ಡಿಎಚ್‌ಸಿಪಿ (ಐಪಿ ವಿಳಾಸವನ್ನು ತಾನಾಗಿ ಪಡೆಯುವ ವಿಧಾನ) ಎಂಬಲ್ಲಿ ಯೆಸ್ ಎಂದೂ ಬರೆದರೆ ಕೆಲಸ ಮುಗಿಯಿತು. ಇಂಟರ್‌ಫೇಸ್‌ನ ಹೆಸರು ತಿಳಿಯಲು ಐಪಿ ಲಿಂಕ್ ಆದೇಶವನ್ನು, ಸ್ಥಿತಿ ನೋಡಲು ನೆಟ್‌ವರ್ಕ್‌ಸಿಟಿಎಲ್ ಆದೇಶವನ್ನು ಬಳಸಬೇಕು. ಉಬುಂಟು ಸರ್ವರ್‌ನಲ್ಲಿ ಮಾತ್ರ ಈ ಕಡತಗಳನ್ನು ನೆಟ್‌ಪ್ಲಾನ್ ಎಂಬ ಅಲ್ಲಿನ ಸಂಪರ್ಕ ಹೊಂದಿಸುವ ಸಾಧನ ತಾನೇ ಬರೆಯುವುದರಿಂದ, ಬದಲಾವಣೆಯನ್ನು ನೆಟ್‌ಪ್ಲಾನ್‌ನ ಕಡತದಲ್ಲಿಯೇ ಮಾಡಬೇಕು.

ನಮ್ಮ ಕಡೆ ಕರೆಂಟು ಹೋದಾಗ ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಬಿಲ್ಲಿಂಗ್ ಮುಂದುವರಿಸುವ ರೂಢಿಯಿರುವುದರಿಂದ ಮುಂದಿನ ಭಾಗವನ್ನು ಗಮನವಿಟ್ಟು ಮಾಡಿಕೊಳ್ಳುವುದು ಒಳ್ಳೆಯದು. ಟೆದರಿಂಗ್ ಆನ್ ಮಾಡಿದ ಫೋನು ಮತ್ತೊಂದು ಇಂಟರ್‌ಫೇಸ್ ಆಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೊಂದು ಪ್ರತ್ಯೇಕ ಕಡತ ಮಾಡಿ, ಡಿಎಚ್‌ಸಿಪಿವಿ4 ವಿಭಾಗದಲ್ಲಿ ರೂಟ್‌ಮೆಟ್ರಿಕ್ ಅನ್ನು ಕೇಬಲಿಗೆ 100 ಎಂದೂ ಫೋನಿಗೆ 600 ಎಂದೂ ಕೊಟ್ಟರೆ, ಸಂಖ್ಯೆ ಕಡಿಮೆಯಿರುವ ದಾರಿಗೇ ಆದ್ಯತೆ ಇರುವುದರಿಂದ, ಕೇಬಲ್ ಇರುವವರೆಗೆ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ರೌಟರ್ ಆರಿದೊಡನೆ ಕೇಬಲಿನ ದಾರಿ ಅಳಿದು ಫೋನಿನ ದಾರಿ ತಾನಾಗಿಯೇ ಹಿಡಿಯುತ್ತದೆ. ಆದರೆ ರೌಟರ್ ಯುಪಿಎಸ್ ಮೇಲೆ ಉರಿಯುತ್ತಲೇ ಇದ್ದು, ರಸ್ತೆ ಅಗೆಯುವಾಗ ಹೊರಗಿನ ಫೈಬರ್ ತುಂಡಾದರೆ, ಕೇಬಲಿನಲ್ಲಿ ಸಿಗ್ನಲ್ ಇದ್ದೇ ಇರುವ ಕಾರಣ ನೆಟ್‌ವರ್ಕ್‌ಡಿ ಆ ಸತ್ತ ದಾರಿಯನ್ನೇ ನಂಬಿ ಕೂರುತ್ತದೆ. ಕೈಯಿಂದ ಕೇಬಲ್ ಕಿತ್ತರೆ ಮಾತ್ರ ಫೋನಿಗೆ ತಿರುಗುತ್ತದೆ. ಇಂಟರ್ನೆಟ್ ನಿಜವಾಗಿಯೂ ತಲುಪುತ್ತಿದೆಯೇ ಎಂದು ಪರೀಕ್ಷಿಸುವ ಸೌಲಭ್ಯವನ್ನು ಸಕ್ರಿಯಗೊಳಿಸಿದ್ದರೆ, ನೆಟ್‌ವರ್ಕ್‌ಮ್ಯಾನೇಜರ್ ಅಂಥ ದಾರಿಯ ಮೆಟ್ರಿಕ್ಕಿಗೆ 20000 ಕೂಡಿಸಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಈ ತೊಂದರೆ ಪದೇ ಪದೇ ಬರುವ ಜಾಗದಲ್ಲಿ ಹಗುರವಾದದ್ದನ್ನು ಆರಿಸುವುದು ಸರಿಯಲ್ಲ.

ರಾಯಚೂರಿನ ಹಾಸ್ಟೆಲ್ಲಿಗೂ ಸಿಂಧನೂರಿನ ಮನೆಗೂ ಓಡಾಡುವ ಲ್ಯಾಪ್‌ಟಾಪಿಗೆ, ವೈ-ಫೈ ಒಂದೇ ಸಾಕೆಂದಾದರೆ, ಐಡಬ್ಲ್ಯುಡಿ ಎಂಬ ವೈ-ಫೈ ಸೇವೆ ಚೆನ್ನಾಗಿ ಹೊಂದುತ್ತದೆ. ಇಂಟೆಲ್‌ನಲ್ಲಿ ಹುಟ್ಟಿ 2019ರಲ್ಲಿ 1.0 ಆವೃತ್ತಿ ಕಂಡ ಇದು, ಗೂಢಲಿಪಿಯ ಕೆಲಸವನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ಗೇ ಒಪ್ಪಿಸಿ ಹೊರಗಿನ ಲೈಬ್ರರಿಗಳ ಭಾರವನ್ನು ತಪ್ಪಿಸಿಕೊಂಡಿದೆ. ಇದರ ಮೇನ್ ಡಾಟ್ ಕಾನ್ಫ್ ಕಡತದಲ್ಲಿ ಎನೇಬಲ್‌ನೆಟ್‌ವರ್ಕ್‌ಕಾನ್ಫಿಗರೇಶನ್ ಎಂಬುದನ್ನು ಟ್ರೂ ಮಾಡಿದರೆ ಐಪಿ ವಿಳಾಸವನ್ನೂ ತಾನೇ ಪಡೆಯುತ್ತದೆ. ವೈ-ಫೈ ಸೇರಿತು, ಐಪಿಯೂ ಬಂತು, ಆದರೂ ಒಂದು ಸೈಟೂ ತೆರೆಯದು ಎಂದಾದರೆ ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವ ಸೇವೆಯಾದ ರೆಸಾಲ್ವ್‌ಡಿ ಓಡುತ್ತಿದೆಯೇ ಎಂದು ಮೊದಲು ನೋಡಬೇಕು. ಡಿಎನ್‌ಎಸ್ (ಹೆಸರು ಹುಡುಕಿಕೊಡುವ ಸರ್ವರ್) ವಿಳಾಸಗಳನ್ನು ಬೇರೆ ಹೇಳದಿದ್ದರೆ ಐಡಬ್ಲ್ಯುಡಿ ಒಪ್ಪಿಸುವುದು ಅದಕ್ಕೇ, ಮತ್ತು ಡೆಬಿಯನ್ 12ರಿಂದ ಅದು ಬೇರೆಯೇ ಪ್ಯಾಕೇಜ್ ಆಗಿದೆ. ತೀರ ಹಳೆಯ ವೈ-ಫೈ ಕಾರ್ಡಿನ ಡ್ರೈವರ್ ಎನ್‌ಎಲ್80211 ಎಂಬ ಕರ್ನಲ್‌ನ ವೈ-ಫೈ ಸಂವಹನ ವಿಧಾನವನ್ನು ಅರಿಯದಿದ್ದರೆ ಐಡಬ್ಲ್ಯುಡಿ ಅದರೊಡನೆ ಮಾತನಾಡಲಾರದು, ಅಲ್ಲಿ ಹಳೆಯ ವೈ-ಫೈ ಸೇವೆಯಾದ ಡಬ್ಲ್ಯುಪಿಎ ಸಪ್ಲಿಕಂಟ್ ಅನ್ನೇ ಉಳಿಸಿಕೊಳ್ಳಬೇಕು. ಕಾಲೇಜಿನ ವೈ-ಫೈ ಪಾಸ್‌ವರ್ಡಿನ ಜೊತೆ ಬಳಕೆದಾರರ ಹೆಸರನ್ನೂ ಕೇಳುವ ಬಗೆಯದಾದರೆ ಐಡಬ್ಲ್ಯುಡಿಗೆ ಕೈಯಾರೆ ಕಡತ ಬರೆದುಕೊಡಬೇಕಾಗುತ್ತದೆ.

4ಜಿ ಡಾಂಗಲ್, ವಿಪಿಎನ್, ಕಾಲೇಜಿನ ವೈ-ಫೈ ಎಲ್ಲವೂ ಬೇಕಾದವರು ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿಯೇ ಇದ್ದು ಅದನ್ನು ಹಗುರ ಮಾಡಿಕೊಳ್ಳಲಿ: ಮೂಲೆಯ ಆಪ್ಲೆಟ್ ನಿಲ್ಲಿಸಿ ಟರ್ಮಿನಲ್ಲಿನ ಎನ್‌ಎಂಟಿಯುಐ ಬಳಸಬಹುದು, ಡಾಂಗಲ್ ಇಲ್ಲದಿದ್ದರೆ ಮೋಡೆಮ್‌ಮ್ಯಾನೇಜರ್ ಸೇವೆಯನ್ನು ಮುಚ್ಚಬಹುದು. ಕಾನ್‌ಮ್ಯಾನ್ ಎಂಬ ಇನ್ನೊಂದು ನೆಟ್‌ವರ್ಕ್ ಸೇವೆಯೂ ಹಗುರವೇ, ಆದರೆ ಅದು ಮುಖ್ಯವಾಗಿ ಚಿಕ್ಕ ಸಾಧನಗಳಿಗಾಗಿ ರೂಪುಗೊಂಡದ್ದು. ಹಳೆಯ ಲೇಖನಗಳು ಹೊಗಳುವ ವಿಕ್‌ಡಿಯನ್ನು ಮಾತ್ರ ಹಾಕಬಾರದು. ಅದು ನಿಂತಿದ್ದ ಪೈಥಾನ್ 2ಕ್ಕೆ 2020ರಿಂದ ಬೆಂಬಲವೇ ಇಲ್ಲ.

ಯಾವುದನ್ನು ಆರಿಸಿದರೂ ಒಂದು ಇಂಟರ್‌ಫೇಸಿಗೆ ಒಬ್ಬನೇ ಯಜಮಾನನಿರಬೇಕು. ಹತ್ತು ನಿಮಿಷಕ್ಕೊಮ್ಮೆ ವೈ-ಫೈ ಕಡಿಯುತ್ತಿದೆ ಎನ್ನುವ ಯಂತ್ರದಲ್ಲಿ ಐಡಬ್ಲ್ಯುಡಿ ಮತ್ತು ಡಬ್ಲ್ಯುಪಿಎ ಸಪ್ಲಿಕಂಟ್ ಎರಡೂ ಓಡುತ್ತಿವೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಬದಲಾಯಿಸುವಾಗ ಹೊಸ ಪ್ಯಾಕೇಜುಗಳನ್ನು ಮೊದಲು ಇಳಿಸಿಕೊಂಡು, ಹಳೆಯದನ್ನು ಅಳಿಸದೆ ಸಿಸ್ಟಮ್‌ಸಿಟಿಎಲ್ ಡಿಸೇಬಲ್ ಮಾತ್ರ ಮಾಡಿ, ಕೆಲವು ದಿನ ಸರಿಯಾಗಿ ನಡೆದ ಮೇಲೆ ತೆಗೆಯುವುದು ಕ್ಷೇಮ. ಹಳೆಯದನ್ನು ಮೊದಲೇ ಅಳಿಸಿದರೆ ಹೊಸದನ್ನು ಇಳಿಸಿಕೊಳ್ಳಲು ಇಂಟರ್ನೆಟ್ಟೇ ಇರುವುದಿಲ್ಲ.

ನಂತರ ರೌಟರನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಆರಿಸಿ ಒಟ್ಟಿಗೆ ಹಚ್ಚಿ ನೋಡಬೇಕು. ಕರೆಂಟು ಬಂದಾಗ ರೌಟರ್ ಏಳುವುದು ತಡವಾದರೆ, ನೆಟ್‌ವರ್ಕ್‌ಡಿಯ ವೇಟ್-ಆನ್‌ಲೈನ್ ಸೇವೆ 120 ಸೆಕೆಂಡಿನವರೆಗೆ ಕಾಯುತ್ತದೆ ಮತ್ತು ಅದನ್ನು ಅವಲಂಬಿಸಿದ ಸೇವೆಗಳೂ ಕಾಯುತ್ತವೆ. ನೆಟ್‌ವರ್ಕ್ ಮೂಲಕ ಜೋಡಿಸಿದ ಹಂಚಿಕೆಯ ಫೋಲ್ಡರ್ ಇಲ್ಲದ ಯಂತ್ರದಲ್ಲಿ, ಆ ವೇಟ್-ಆನ್‌ಲೈನ್ ಸೇವೆಯನ್ನು ಸಿಸ್ಟಮ್‌ಸಿಟಿಎಲ್ ಡಿಸೇಬಲ್ ಮಾಡಿದರೆ ಈ ಕಾಯುವಿಕೆ ತಪ್ಪುತ್ತದೆ.