ಹುರುಳಿಕಾಯಿ ಮುರಿಯೋ ಶಬ್ದ: ನಾಟಕ ಕಟ್ಟಿದ ನನ್ನ ಅನುಭವ

ಅಕ್ಕನ ಮಗ ಹೋಗಿ ಹನ್ನೊಂದು ವರ್ಷ ಆದ್ಮೇಲೆ ನಾನು ಈ ನಾಟಕ ಬರೆಯೋಕೆ ಕೂತಿದ್ದು. ಡ್ರಿಪ್ಪಲ್ಲಿ ಬೆರೆಸಿ ನಿಧಾನಕ್ಕೆ ಕೊಡ್ಬೇಕಾದ ಪೊಟ್ಯಾಸಿಯಂ ಕ್ಲೋರೈಡನ್ನ ಸಲೈನ್ ಅನ್ಕೊಂಡು ನೇರವಾಗಿ ರಕ್ತನಾಳಕ್ಕೆ ಕೊಟ್ಟಿದ್ರು, ಹಾಗೆ ಕೊಟ್ರೆ ಹೃದಯ ನಿಂತೇ ಹೋಗತ್ತೆ. ನಮಗೆ ಆಸ್ಪತ್ರೆಯವರು ಏನೂ ಹೇಳ್ಲಿಲ್ಲ. ಎರಡು ವರ್ಷ ಆದ್ಮೇಲೆ ಆ ಇಂಜೆಕ್ಷನ್ ಕೊಟ್ಟ ಸಿಸ್ಟರ್ರೇ ಮನೆ ಬಾಗಿಲಿಗೆ ಬಂದು ನಿಂತು ಹೇಳಿ ಹೋದ್ರು, ಅವರನ್ನ ಒಳಗೆ ಕರೆಯೋಕೆ ನಮ್ಮಲ್ಲಿ ಯಾರಿಗೂ ಮನಸ್ಸು ಬರ್ಲಿಲ್ಲ.

ಮೊದಲ ಡ್ರಾಫ್ಟಲ್ಲಿ ಡಾಕ್ಟರು, ನರ್ಸು ಇಬ್ರೂ ಪಕ್ಕಾ ವಿಲನ್‌ಗಳು. ಓದಿಗೆ ಕೂತಾಗ್ಲೇ ಅದು ಸತ್ತೋಯ್ತು, ಬರೀ ಬೈಗುಳ. ಆಮೇಲೆ ಪರಿಚಯದ ಐಸಿಯು ಸಿಸ್ಟರ್ ಒಬ್ರನ್ನ ತಾಲೀಮಿಗೆ ಕರೆಸಿದೆ, ಅವ್ರು ಮೇಜಿನ ಮೇಲೆ ಎರಡು ಆಂಪೂಲ್, ಅಂದ್ರೆ ಔಷಧಿಯ ಪುಟ್ಟ ಗಾಜಿನ ಶೀಶೆ ಇಟ್ರು, ಒಂದು ಪೊಟ್ಯಾಸಿಯಂ, ಇನ್ನೊಂದು ಸಲೈನ್, ಎರಡೂ 10 ಎಂಎಲ್, ಎರಡ್ರಲ್ಲೂ ನೀರಿನಂಥ ಔಷಧಿ, 'ರಾತ್ರಿ ಮೂರು ಗಂಟೆಗೆ, ಆ ಬೆಳಕಲ್ಲಿ ಯಾವ್ದು ಯಾವ್ದು ಹೇಳಿ ನೋಡೋಣ' ಅಂದ್ರು. ಇದಕ್ಕೇ ಎಷ್ಟೋ ಕಡೆ ಪೊಟ್ಯಾಸಿಯಮ್ಮನ್ನ ವಾರ್ಡಲ್ಲಿ ಇಡೋದೇ ಇಲ್ವಂತೆ. ತಪ್ಪು ಮಾಡಿದ ವೈದ್ಯರು, ನರ್ಸ್‌ಗಳು ಒಳಗೊಳಗೇ ಕುಸಿಯೋದಕ್ಕೆ 'ಎರಡನೇ ಬಲಿಪಶು' ಅಂತ ಆಲ್ಬರ್ಟ್ ವೂ ಅನ್ನೋ ಅಮೆರಿಕದ ಡಾಕ್ಟರ್ 2000ದಲ್ಲಿ ಹೆಸರು ಕೊಟ್ಟಿದ್ರು. ಅದನ್ನ ಓದಿದ ರಾತ್ರಿ, ಬಾಗಿಲಲ್ಲಿ ನಿಂತಿದ್ದ ಆ ಸಿಸ್ಟರ್ ಮುಖ ಕಣ್ಮುಂದೆ ಬಂದು ನಿದ್ದೆ ಬರ್ಲಿಲ್ಲ.

ಮೈಸೂರು ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ಶೋ. ಅಷ್ಟು ಚಿಕ್ಕ ಆಂಪೂಲ್ ಹಿಂದಿನ ಸಾಲಿಗೆ ಕಾಣಲ್ಲ, ಅದಕ್ಕೆ ಹಿನ್ನೆಲೆ ಸಂಗೀತ ಪೂರ್ತಿ ತೆಗೆದು ಅದರ ಕತ್ತು ಮುರಿಯೋ 'ಟಕ್' ಶಬ್ದ ಮಾತ್ರ ಉಳಿಸ್ಕೊಂಡ್ವಿ. ನರ್ಸ್ ಪಾತ್ರದ ಹುಡುಗಿಗೆ ಮನೇಲಿ ಹುರುಳಿಕಾಯಿ ಮುರೀತಾ ಇದ್ದಾಗ ಅದೇ ಶಬ್ದ ಕೇಳಿಸ್ತಂತೆ. ಎರಡನೇ ಅಂಕದಲ್ಲಿ ಅವಳು ಅಡುಗೆಮನೇಲಿ ಕೂತು ಒಂದು ಹುರುಳಿಕಾಯಿ ಮುರೀತಾಳೆ, ಕೈ ಅಲ್ಲೇ ನಿಂತೋಗತ್ತೆ. ಒಂದೂ ಮಾತಿಲ್ಲ. ಇಡೀ ನಾಟಕದಲ್ಲಿ ನನಗೆ ತುಂಬಾ ಮುಖ್ಯ ಅನ್ಸೋದು ಅದೇ, ಅದನ್ನ ನಾನು ಬರೆದಿದ್ದಲ್ಲ.

ಕಷ್ಟ ಆಗಿದ್ದು ಕ್ಷಮೆ ಕೇಳೋ ಸೀನು. ಡಾಕ್ಟರ್‌ಗೆ ಮೂರು ಪುಟ ಡೈಲಾಗ್ ಬರೆದಿದ್ದೆ. ಅಕ್ಕ ಒಂದಿನ ರನ್‌ಥ್ರೂಗೆ ಬಂದು ಹಿಂದೆ ಕೂತು ನೋಡಿ ಅಂದ್ಲು, 'ಅವ್ರು ಕೈ ಮುಗಿಯೋದೆಲ್ಲ ಬೇಡ ಕಣೋ, ಎಷ್ಟೊತ್ತಿಗೆ ಏನಾಯ್ತು ಅಂತ ಹೇಳ್ಲಿ, ಮಗು ಪಕ್ಕ ಯಾರಾದ್ರೂ ಇದ್ರಾ ಅಂತ ಹೇಳ್ಲಿ.' ಮೂರೂ ಪುಟ ಹರಿದು ಹಾಕ್ದೆ. ಈಗ ಡಾಕ್ಟರ್ ಕೇಸ್ ಶೀಟ್ ಹಿಡ್ಕೊಂಡು ತಾಯಿ ಎದುರು ಕೂತು ಒಂದೊಂದೇ ಟೈಮ್ ಓದ್ತಾರೆ, ಕೊನೇಲಿ ನರ್ಸ್ 'ನಾನಿದ್ದೆ, ಕೈ ಹಿಡ್ಕೊಂಡಿದ್ದೆ' ಅಂತಾಳೆ, ಅಷ್ಟೇ.

ಮೊದಲ ಶೋ ಮುಗಿದ್ಮೇಲೆ ಅಕ್ಕ ಗ್ರೀನ್ ರೂಮಿಗೆ ಬಂದ್ಲು. ಆ ಹುಡುಗಿ ಪಕ್ಕ ಕೂತು ಸ್ವಲ್ಪ ಹೊತ್ತು ಸುಮ್ನಿದ್ದು, '3:40 ಅಂತ ಓದ್ತಾರಲ್ಲಮ್ಮ, ಅದು 4:10 ಇತ್ತು' ಅಂದ್ಲು. ಮಾರನೇ ದಿನದ ಶೋನಲ್ಲಿ 4:10 ಅಂತಲೇ ಓದಿಸಿದ್ವಿ.