ಅಜ್ಜಿಯ ಚಪ್ಪಲಿ ಹಿಂದಿನ ಬಸ್ಸಿಗೆ

ನಮ್ಮ ಮನೆಯಲ್ಲಿ ನನಗೆ ವರ ನೋಡುವ ಕೆಲಸ ಶುರುವಾದಾಗ ಸೋದರತ್ತೆ ಕೊಟ್ಟ ಮೊದಲ ಬುದ್ಧಿಮಾತು, ಬಂದವರ ಮುಂದೆ ಬಾಯಿತುಂಬ ನಗಬೇಡ, ಹುಡುಗ ಏನಾದರೂ ತಮಾಷೆ ಮಾಡಿದರೆ ತಲೆತಗ್ಗಿಸಿ ನಕ್ಕರೆ ಸಾಕು ಎಂಬುದಾಗಿತ್ತು. ಗದಗಿನ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕುಳಿತವರು ನನ್ನ ಮಾತು ಕೇಳಿ ನಗದೆ ಎದ್ದ ದಿನ ಕಡಿಮೆ. ಅದನ್ನೆಲ್ಲ ಮುಚ್ಚಿಟ್ಟುಕೊಂಡು ಒಂದು ಸಂಸಾರ ಕಟ್ಟುವುದು ನನ್ನಿಂದಾಗದು ಎಂದು ಅವತ್ತೇ ಅನಿಸಿತ್ತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದಲ್ಲಿ ಎಂ.ಎ. ಓದುವಾಗ ಎರಿಕ್ ಬ್ರೆಸ್ಲರ್, ರಾಡ್ ಮಾರ್ಟಿನ್ ಮತ್ತು ಸಿಗಾಲ್ ಬಾಲ್ಶೈನ್ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನ್ನ ಕಣ್ಣಿಗೆ ಬಿದ್ದಿತ್ತು. ಸಂಗಾತಿಗೆ ಹಾಸ್ಯಪ್ರಜ್ಞೆ ಇರಬೇಕೆಂದು ಗಂಡಸರೂ ಹೆಂಗಸರೂ ಹೇಳುತ್ತಾರಾದರೂ, ಗಂಡಸರು ಹೆಚ್ಚಾಗಿ ಬಯಸುವುದು ತಮ್ಮ ಹಾಸ್ಯಕ್ಕೆ ನಗುವವರನ್ನು; ಹೆಂಗಸರಿಗಾದರೋ ಸಂಗಾತಿ ತಮ್ಮನ್ನು ನಗಿಸುವುದು, ತಮ್ಮ ಮಾತಿಗೆ ನಗುವುದು ಎರಡೂ ಸಮನಾಗಿ ಮುಖ್ಯ ಎಂದು ಅವರು ಕಂಡುಕೊಂಡಿದ್ದರು. ಕೆನಡಾದ ವಿದ್ಯಾರ್ಥಿಗಳನ್ನು ಕೇಳಿ ಬರೆದದ್ದರಲ್ಲಿ ನಮ್ಮ ಸೋದರತ್ತೆಯ ಬುದ್ಧಿಮಾತು ಇಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ನಾನು ಎಣಿಸಿರಲಿಲ್ಲ.

ಹೀಗಾಗಿ ನಾನು ಮನೆಯವರ ಮುಂದೆ ಒಂದೇ ಬೇಡಿಕೆ ಇಟ್ಟೆ. ಅವಲಕ್ಕಿ, ಚಹಾ ಮುಗಿದ ಮೇಲೆ, ಅಥವಾ ಇನ್ನೊಂದು ದಿನ, ಹುಡುಗನ ಜೊತೆ ಹೊರಗೆ ಕುಳಿತು ಒಂದು ತಾಸು ಮಾತಾಡಲು ಬಿಡಬೇಕು. ಆ ತಾಸಿನಲ್ಲಿ ಎಲ್ಲರಿಗೂ ನಾನು ಒಂದೇ ಸಂಗತಿಯನ್ನು ಹೇಳುತ್ತಿದ್ದೆ.

2018ರ ಅಕ್ಟೋಬರಿನಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪ್ರತ್ಯೇಕ ದಾರಿಯಿರುವ ಚಿಗರಿ ಬಸ್ಸು ಓಡಲು ಶುರುವಾದ ಹೊಸತರಲ್ಲಿ ನಮ್ಮ ಅಜ್ಜಿಯನ್ನು ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡಕ್ಕೆ ಕರೆದುಕೊಂಡು ಹೊರಟಿದ್ದೆ. ಎತ್ತರದ ನಿಲ್ದಾಣ, ತಾನಾಗಿಯೇ ತೆರೆಯುವ ಗಾಜಿನ ಬಾಗಿಲು, ಒಳಗಿನಿಂದ ಬಂದ ತಣ್ಣನೆಯ ಗಾಳಿ. ಅಜ್ಜಿ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ ಹತ್ತಿದರು. ನಾನು ನೋಡುವಷ್ಟರಲ್ಲಿ ಬಾಗಿಲು ಮುಚ್ಚಿ, ಚಪ್ಪಲಿಗಳೆರಡೂ ಹೊರಗೆ ಉಳಿದಿದ್ದವು. ನಾನು ಗಾಬರಿಯಾದರೆ ಅಜ್ಜಿ ಸೀಟಿನಲ್ಲಿ ಕಾಲು ಮಡಚಿ ಕುಳಿತು, "ಇರ್ಲಿ ಬಿಡವಾ, ಅವು ಹಿಂದಿನ ಬಸ್ಸಿಗೆ ಬರ್ತಾವ" ಎಂದರು. ಸುತ್ತ ಕುಳಿತವರೆಲ್ಲ ನಕ್ಕರು; ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜಿಯೇ.

ಕೇಳಿದವರು ಅಜ್ಜಿಯನ್ನು ಕಂಡು ನಗುತ್ತಾರೋ, ಅಜ್ಜಿಯ ಜೊತೆ ನಗುತ್ತಾರೋ ಎಂದು ನಾನು ನೋಡುತ್ತಿದ್ದೆ. ಒಬ್ಬರು, ಹಳ್ಳಿಯ ಮಂದಿ ಹಾಗೆಯೇ ಎಂದು ನಕ್ಕು ತಮ್ಮ ಮೊಬೈಲಿನಲ್ಲಿದ್ದ ಜೋಕೊಂದನ್ನು ಓದಿ ಹೇಳಿದರು. ಇನ್ನೊಬ್ಬರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ, ಅದು ಅವರ ತಪ್ಪಲ್ಲ. ಮೂರನೆಯವರ ಮಾತು ಬಹಳ ಚುರುಕಾಗಿತ್ತು, ನಾನೂ ಮನಸಾರೆ ನಗುತ್ತಿದ್ದೆ. ಆದರೆ ಚಹಾ ತಂದ ಹುಡುಗನ ಕೈಯಿಂದ ಬಸಿಯ ಮೇಲೆ ನಾಲ್ಕು ಹನಿ ಚೆಲ್ಲಿದಾಗ ಅವರು ಅವನ ಹೆಸರು, ಊರು ಕೇಳಿ, ಆ ಊರಿನ ಮೇಲೊಂದು ಚಾಷ್ಟಿ ಮಾಡಿದರು. ಅಕ್ಕಪಕ್ಕದ ಮೇಜಿನವರು ನಕ್ಕರು. ಮೇಜು ಒರೆಸುತ್ತಿದ್ದ ಹುಡುಗನ ಕೈ ಒಂದು ಕ್ಷಣ ನಿಂತು, ಆಮೇಲೆ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸತೊಡಗಿತು. ಮುಂದೆ ನನಗೆ ನಗು ಬರಲಿಲ್ಲ. ಮನೆಯವರಿಗೆ ಈ ಕಾರಣ ಹೇಳಿದಾಗ, ಇಷ್ಟಕ್ಕೆಲ್ಲ ಸಂಬಂಧ ಬಿಡುತ್ತಾರೇನು ಎಂದರು. ನಾನು ಬಿಟ್ಟೆ. ಇವತ್ತಿಗೂ ಅದು ಸರಿಯೆಂದೇ ನನ್ನ ಭಾವನೆ.

ಈಗ ನನ್ನ ಪತಿಯಾಗಿರುವವರು ಧಾರವಾಡದ ಸಾಧನಕೇರಿಯ ಕೆರೆಯ ಬಳಿ ಗಿರಮಿಟ್ ತಿನ್ನುತ್ತ ಆ ಕಥೆ ಕೇಳಿದರು. ಕೇಳಿದ ಕೂಡಲೇ ನಗಲಿಲ್ಲ. "ಮತ್ತ ಇಳಿದ ಮ್ಯಾಲೆ ಅಜ್ಜೀ ಕಾಲು ಸುಡಲಿಲ್ಲೇನ್ರಿ?" ಎಂದು ಕೇಳಿದರು. ಸುಭಾಷ ರಸ್ತೆಯಲ್ಲಿ ಹೊಸ ಚಪ್ಪಲಿ ಕೊಡಿಸಿದೆನೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬಹಳ ಗಂಭೀರವಾಗಿ, "ಅವು ಹಿಂದಿನ ಬಸ್ಸಿಗೆ ಬರಬೇಕಂದ್ರ ಗೇಟಿನ್ಯಾಗ ಜೋಡಿಗೆ ಒಂದ ಟಿಕೆಟ್ ಸಾಕೋ, ಎಡಕ್ಕ ಒಂದು ಬಲಕ್ಕ ಒಂದು ಬೇಕೋ?" ಎಂದರು. ಅಜ್ಜಿ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಆ ಮಾತನ್ನು ಎತ್ತಿಕೊಂಡಿದ್ದರು. ಹಿರಿಯರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದ್ದರೆ ಹಳೆಯ ಚಪ್ಪಲಿಗೂ ಇರಬೇಕಲ್ಲ ಎಂದು ನಾನು ಮುಂದುವರಿಸಿದೆ. ಸೋದರತ್ತೆಯ ಮಾತು ಮರೆತು ಬಾಯಿತುಂಬ ನಕ್ಕೆ, ಅವರೂ ನಕ್ಕರು.

ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2015ರಲ್ಲಿ ಪ್ರಕಟಿಸಿದ ಸಂಶೋಧನೆಯ ಒಂದು ಭಾಗದಲ್ಲಿ, ಪರಸ್ಪರ ಪರಿಚಯವಿಲ್ಲದ 51 ಜೋಡಿ ವಿದ್ಯಾರ್ಥಿಗಳನ್ನು ಸುಮಾರು ಹತ್ತು ನಿಮಿಷ ಮಾತಾಡಲು ಬಿಟ್ಟಿದ್ದರು. ಹುಡುಗ ತಮಾಷೆ ಮಾಡಿ ಹುಡುಗಿ ನಕ್ಕಷ್ಟೂ ಅವಳಿಗೆ ಒಲವು ಹೆಚ್ಚಿರುವ ಸಂಭವವಿತ್ತು; ಇಬ್ಬರೂ ಕೂಡಿ ನಕ್ಕಲ್ಲಿ ಅದು ಇನ್ನೂ ಹೆಚ್ಚು. ತಮಾಷೆ ಮಾಡುವವರು ಹೆಚ್ಚು ಬುದ್ಧಿವಂತರೆಂಬ ನಂಬಿಕೆಗೆ ಅವರ ಲೆಕ್ಕದಲ್ಲಿ ಆಧಾರ ಸಿಗಲಿಲ್ಲ. ನಗುವಿನ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಅವರಂತೂ ಜನ ಸಹಜವಾಗಿ ಮಾತಾಡುವಾಗಿನ 1,200 ನಗುಗಳನ್ನು ಗುರುತು ಹಾಕಿಕೊಂಡು, ಅವುಗಳಲ್ಲಿ ಬಹುಪಾಲು ಯಾವ ಜೋಕಿಗೂ ಬಂದವಲ್ಲ, ದಿನನಿತ್ಯದ ಸಾದಾ ಮಾತಿನ ಬೆನ್ನಿಗೇ ಬಂದವು ಎಂದು ತೋರಿಸಿದ್ದರು. ಚಪ್ಪಲಿಯ ಟಿಕೆಟ್ಟಿನ ಮಾತನ್ನು ಇಲ್ಲಿ ಬರೆದಾಗ ಅದು ಬಹಳ ಸಣ್ಣದಾಗಿ ಕಾಣುತ್ತಿದೆ. ಕೆರೆಯ ಬಳಿ ಅದು ಹಾಗಿರಲಿಲ್ಲ.

ನಿಶ್ಚಿತಾರ್ಥದ ನಂತರ ತಪ್ಪಿದವಳು ನಾನು. ಇಳಕಲ್ ಸೀರೆ ಆರಿಸಲು ಅವರು ಎರಡು ತಾಸು ತೆಗೆದುಕೊಂಡದ್ದನ್ನು, ಬಣ್ಣ ಕೇಳಲು ತಾಯಿಗೆ ಮೂರು ಸಲ ಫೋನು ಮಾಡಿದ್ದನ್ನು ನಮ್ಮ ಬಳಗದ ಹತ್ತು ಜನರ ನಡುವೆ ಅಭಿನಯಿಸಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು, ಆದರೆ ತುಟಿ ಮಾತ್ರ ನಗುತ್ತಿತ್ತು; ಕೈ ಸೀರೆಯ ಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿತ್ತು. ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದನ್ನು, ಬೆಸೆಯುವ ಹಾಸ್ಯ ಬೇರೆ, ಇರಿಯುವ ಹಾಸ್ಯ ಬೇರೆ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಚಹಾದ ಹುಡುಗನ ಕೈ ನೆನಪಾಗಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಫೋನು ಮಾಡಿ, ನಡುವೆ ಯಾವ ನಗೆಮಾತನ್ನೂ ಸೇರಿಸದೆ, ತಪ್ಪಾಯಿತು ಎಂದು ಹೇಳಿದೆ. ಆ ಸೀರೆಗೆ ಅಷ್ಟು ಹೊತ್ತು ಹಿಡಿದದ್ದು ನನ್ನ ಮೇಲಿನ ಕಾಳಜಿಯಿಂದ ಎಂಬುದು ನನಗೆ ತಿಳಿದಿತ್ತೆಂದೂ, ಆದರೂ ಹತ್ತು ಜನರ ನಗುವಿಗಾಗಿ ಅದನ್ನು ಬಳಸಿಕೊಂಡೆನೆಂದೂ ಹೇಳಿದೆ. ಅವರು "ಹೂಂ" ಎಂದಷ್ಟೇ ಅಂದು ಫೋನು ಇಟ್ಟರು. ಎರಡು ದಿನ ಏನೂ ಸುದ್ದಿಯಿಲ್ಲ. ಮೂರನೆಯ ದಿನ ಸಂಜೆ ಅವರದೇ ಫೋನು ಬಂತು. "ಅಜ್ಜೀ ಚಪ್ಪಲಿ ಬಂದುವೇನ್ರಿ?" ಎಂದರು.

"ಇನ್ನೂ ಇಲ್ರಿ, ಈಗರೆ ನವನಗರ ದಾಟ್ಯಾವಂತ" ಎಂದೆ.